ದೊಡ್ಡಕ್ಕನ ಸವತಿ

ಆ ಆಫೀಸಿನಲ್ಲಿ ಯಾರಿಗೂ ಸೇರದ ಒಂದು ಸ್ಟೂಲಿತ್ತು. ಅದರ ಒಂದು ಕಾಲು ಮೊಟಕು, ಅದಕ್ಕೆ ರಟ್ಟಿನ ತುಂಡು ಮಡಚಿ ಕೊಟ್ಟಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅದು ದೊಡ್ಡಕ್ಕನ ಮೇಜಿನ ಬಲಗಡೆಗೇ ಇತ್ತು. ದಿನಕ್ಕೆ ಹತ್ತಾರು ಜನ ಬಂದು, ಅದರ ಮೇಲೆ ಕೂತು, ಒಂದು ಪ್ರಶ್ನೆ ಕೇಳಿ ಎದ್ದು ಹೋಗುತ್ತಿದ್ದರು. ಒಳ್ಳೆಯ ಕುರ್ಚಿ ತರಿಸುತ್ತೇನೆಂದು ಮ್ಯಾನೇಜರ್ ಎರಡು ಸಲ ಹೇಳಿದಾಗಲೂ ದೊಡ್ಡಕ್ಕ ಬೇಡವೆಂದಿದ್ದಳು. ಕುರ್ಚಿಯಾದರೆ ಬಂದವರು ಒರಗಿ ಕೂತು ಹರಟುತ್ತಾರೆ ಎಂಬುದು ಅವಳು ಕೊಟ್ಟ ಕಾರಣ. ನಿಜವಾದ ಕಾರಣ ಬೇರೆ. ರಟ್ಟು ಸ್ವಲ್ಪ ಸರಿದರೂ ಅಲ್ಲಾಡುವ ಆ ಸ್ಟೂಲಿನ ಮೇಲೆ ಕೂತವರು ಅವಳ ಮೇಜಿನ ಅಂಚನ್ನು ಹಿಡಿದುಕೊಂಡೇ ಇರಬೇಕಿತ್ತು. ಅದು ಅವಳಿಗೆ ಇಷ್ಟವಾಗಿತ್ತು.

ಕನ್ನಡಕದ ಅಂಗಡಿಯೊಂದರ ಮೇಲಿನ ಮೂರನೆಯ ಮಹಡಿಯಲ್ಲಿದ್ದ ಆ ಕಂಪನಿ ಆಸ್ಪತ್ರೆಗಳಿಗೆ ರಕ್ತಪರೀಕ್ಷೆಯ ಪ್ರೋಗ್ರಾಂ ಮಾಡಿಕೊಡುತ್ತಿತ್ತು. ಟ್ಯೂಬಿಗೆ ಅಂಟಿಸುವ ಚೀಟಿಯಿಂದ ಹಿಡಿದು ಡಾಕ್ಟರ ಮುಂದೆ ವರದಿ ಬರುವವರೆಗಿನ ಕೆಲಸವೆಲ್ಲ ಅದರದು. ಎಷ್ಟೋ ಜನ ಬಂದು, ತಮಗೆ ತೋಚಿದಂತೆ ಬರೆದು, ಕೆಲಸ ಬಿಟ್ಟು ಹೋಗಿದ್ದರು. ಹಾಗೆ ಸೇರುತ್ತ ಹೋದ ಕೋಡು, ಅಂದರೆ ಕಂಪ್ಯೂಟರಿಗೆ ಬರೆದ ಆದೇಶಗಳು, ಈಗ ಇಪ್ಪತ್ತು ಲಕ್ಷ ಸಾಲು ದಾಟಿತ್ತು. ಮೊದಲ ದಿನದಿಂದ ಇದ್ದವಳು ದೊಡ್ಡಕ್ಕ ಒಬ್ಬಳೇ. ಸಕ್ಕರೆ ಪರೀಕ್ಷೆಯ ಮಿತಿ ಎಲ್ಲಿದೆ ಎಂದು ಕೇಳಿದರೆ ಅವಳು ಪರದೆಯ ಕಡೆ ನೋಡುತ್ತಲೂ ಇರಲಿಲ್ಲ. ಇಂಥ ಫೋಲ್ಡರು, ಇಂಥ ಫೈಲು, ಕೆಳಗಿನಿಂದ ಸ್ವಲ್ಪ ಮೇಲೆ, ಆದರೆ ಅದು ಹೆಸರಿಗೆ ಮಾತ್ರ, ನಿಜವಾಗಿ ಲೆಕ್ಕ ಹಾಕುವುದು ಇನ್ನೊಂದು ಕಡೆ ಎಂದು ಬೆರಳು ಮಡಚುತ್ತ ಹೇಳಿಬಿಡುತ್ತಿದ್ದಳು. ಕೇಳಿದವರು ಬಾಯಿ ಬಿಟ್ಟುಕೊಂಡು ಎದ್ದು ಹೋಗುತ್ತಿದ್ದರು. ಆ ಬಿಟ್ಟ ಬಾಯಿಗಳನ್ನು ನೋಡಿಯೇ ಅವಳಿಗೆ ಅರ್ಧ ಹೊಟ್ಟೆ ತುಂಬುತ್ತಿತ್ತು.

ಇನ್ನೊಂದು ಅಭ್ಯಾಸವೂ ಅವಳಿಗಿತ್ತು. ಕೋಡಿನಲ್ಲಿ ಗಂಟು ಬಿದ್ದ ಕಡೆಯಲ್ಲೆಲ್ಲ, ಅದು ಯಾಕೆ ಹಾಗಿದೆಯೆಂದು ನಾಲ್ಕು ಸಾಲಿನ ಟಿಪ್ಪಣಿ ಬರೆದಿಡುತ್ತಿದ್ದಳು. ಕಂಪ್ಯೂಟರ್ ಆ ಸಾಲುಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಅವು ಮನುಷ್ಯರು ಓದಲೆಂದು ಇರುವಂಥವು. ಪ್ರತಿಯೊಂದರ ಕೊನೆಯಲ್ಲೂ ಒಂದೇ ಮಾತು: ಇಲ್ಲಿ ಕೈ ಹಾಕುವ ಮೊದಲು ದೊಡ್ಡಕ್ಕನನ್ನು ಕೇಳಿ.

ಸ್ಟೂಲಿನ ಮೇಲೆ ಅತಿ ಹೆಚ್ಚು ಕೂತವಳೆಂದರೆ ತಂಗಿ. ಒಡಹುಟ್ಟಿದವಳಲ್ಲ, ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿದವಳು, ಎರಡು ಮಕ್ಕಳ ತಾಯಿ. ಮೊದಲ ವಾರ ಅವಳು ಆ ಕೋಡಿನೊಳಗೆ ದಾರಿ ತಪ್ಪಿ ಕಣ್ಣೀರು ಹಾಕಿದ್ದಾಗ ದೊಡ್ಡಕ್ಕ, ಬಾ ತಂಗಿ, ಕೂತ್ಕೋ ಎಂದಿದ್ದಳು. ಅಂದಿನಿಂದ ಆಫೀಸಿಗೆಲ್ಲ ಅವಳು ತಂಗಿಯೇ. ಬೆಳಿಗ್ಗೆ ಹನ್ನೊಂದಕ್ಕೆ ಎರಡು ಲೋಟ ಚಹಾ ಹಿಡಿದು ಅವಳು ಬರುವುದು, ಗೋಡೆಯ ಗಡಿಯಾರ ಕೆಟ್ಟರೂ ತಪ್ಪುತ್ತಿರಲಿಲ್ಲ.

ಹೀಗಿರುವಾಗ ಕಂಪನಿ ಎಲ್ಲರ ಕಂಪ್ಯೂಟರಿಗೂ ಎಐ ಸಹಾಯಕ ಹಾಕಿಸಿತು. ಅದು ಇಪ್ಪತ್ತು ಲಕ್ಷ ಸಾಲುಗಳ ನಡುವೆ ಹುಡುಕಿ, ಇದು ಇಲ್ಲಿದೆ, ಇದನ್ನು ಅದು ಕರೆಯುತ್ತದೆ, ಇದನ್ನು ಬದಲಿಸಿದರೆ ಅದು ಕೆಡುತ್ತದೆ ಎಂದು ಅರ್ಧ ನಿಮಿಷದಲ್ಲಿ ಒಪ್ಪಿಸುತ್ತಿತ್ತು. ಮೊದಲ ವಾರ ಸ್ಟೂಲಿಗೆ ಬರುವವರು ಅರ್ಧವಾದರು. ಎರಡನೆಯ ವಾರ ಮೂವರು. ಮೂರನೆಯ ವಾರ ಯಾರೋ ಪ್ರಿಂಟರಿನ ಕಾಗದದ ಪೆಟ್ಟಿಗೆಯನ್ನು ತಂದು ಸ್ಟೂಲಿನ ಮೇಲಿಟ್ಟು ಹೋದರು.

ಸುಳ್ಳೇಕೆ ಹೇಳಬೇಕು, ದೊಡ್ಡಕ್ಕನಿಗೆ ಹೊಟ್ಟೆ ಉರಿಯಿತು. ಒಳ್ಳೆಯ ಸಾಧನ ಬಂತು, ಎಲ್ಲರ ಕೆಲಸ ಹಗುರವಾಯಿತು ಎಂದು ಮೀಟಿಂಗಿನಲ್ಲಿ ಅವಳೂ ತಲೆಯಾಡಿಸಿದಳು. ಆಮೇಲೆ ತನ್ನ ಜಾಗಕ್ಕೆ ಬಂದು ಅದನ್ನು ಪರೀಕ್ಷಿಸತೊಡಗಿದಳು. ಎಲ್ಲರೂ ಮರೆತಿದ್ದ ಮೂಲೆಗಳನ್ನು ಕೆದಕಿ ಕೇಳಿದಳು. ಅದು ಹೇಳಿತು. ಎಂಟು ವರ್ಷದಿಂದ ಯಾರೂ ಬಳಸದ ಒಂದು ಭಾಗ ಇನ್ನೂ ಬಳಕೆಯಲ್ಲಿದೆ ಎಂದು ಒಮ್ಮೆ ತಪ್ಪಿ ಹೇಳಿದ್ದೇ ತಡ, ಅವಳಿಗೆ ಹಬ್ಬವಾಯಿತು. ಆ ತಪ್ಪನ್ನು ಮೂರು ದಿನ ಎಲ್ಲರ ಮೇಜಿಗೂ ಹೊತ್ತು ತಿರುಗಿದಳು. ಲಿಫ್ಟಿನಲ್ಲಿ ಸಿಕ್ಕ ಕನ್ನಡಕದ ಅಂಗಡಿಯವನಿಗೂ ಹೇಳಿದಳು. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ.

ಮನೆಯಲ್ಲಿ ಗಂಡ, ಡ್ರೈವಿಂಗ್ ಕಲಿಸುವವನು, ದಿನವೂ ಸಂಜೆ ಇವತ್ತು ಸ್ಟೂಲಿಗೆ ಎಷ್ಟು ಜನ ಎಂದು ಕೇಳುವುದು ರೂಢಿ. ಅವಳು ಪೆಟ್ಟಿಗೆಯ ಸಂಗತಿ ಹೇಳಿದಾಗ ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕ.

"ಹಾಗಾದ್ರೆ ನಿಂಗೆ ಸವತಿ ಬಂದಳು ಅನ್ನು."

ಅವನು ತಮಾಷೆಗೆ ಅಂದದ್ದು. ಆದರೆ ಆ ಮಾತು ಅವಳ ಮನಸ್ಸಿನಲ್ಲಿ ಹೊಕ್ಕು ಕೂತುಬಿಟ್ಟಿತು. ಅಂದಿನಿಂದ ಅವಳ ಪಾಲಿಗೆ ಅದು ಸಹಾಯಕವಲ್ಲ, ಸವತಿ. ಸವತಿಗೆ ವಯಸ್ಸಾಗುವುದಿಲ್ಲ, ಸವತಿಗೆ ಮಂಡಿನೋವಿಲ್ಲ, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಸವತಿ ಸಿಡುಕುವುದಿಲ್ಲ. ತಂಗಿ ಒಂದು ದಿನ ಅದಕ್ಕೆ ಥ್ಯಾಂಕ್ಸ್ ಎಂದು ಟೈಪ್ ಮಾಡಿದ್ದನ್ನು ದೊಡ್ಡಕ್ಕ ಕಣ್ಣಾರೆ ಕಂಡಳು. ಆರು ವರ್ಷದಲ್ಲಿ ತನಗೆ ಅವಳು ಒಮ್ಮೆಯಾದರೂ ಆ ಮಾತು ಹೇಳಿದ್ದುಂಟೇ ಎಂದು ಮನೆಗೆ ಹೋಗುವವರೆಗೂ ನೆನಪು ಮಾಡಿಕೊಂಡಳು. ಹೇಳಿರಲಿಲ್ಲ.

ಆದರೂ ಒಂದು ಸಮಾಧಾನವಿತ್ತು. ಉಳಿದವರೆಲ್ಲ ನಿಂತರೂ ತಂಗಿ ಬರುವುದು ನಿಂತಿರಲಿಲ್ಲ. ವಾರಕ್ಕೆ ಮೂರು ನಾಲ್ಕು ಸಲ ಪೆಟ್ಟಿಗೆಯನ್ನು ಕೆಳಗಿಳಿಸಿ, ಸ್ಟೂಲಿನ ಮೇಲೆ ಕೂತು, ಈ ಜಾಗದ ಕತೆ ಏನು ಅಕ್ಕ ಎಂದು ಕೇಳುತ್ತಿದ್ದಳು. ಅವಳು ಕೇಳುತ್ತಿದ್ದುದೂ ಕೋಡಿನ ಅತ್ಯಂತ ಕಗ್ಗಂಟಿನ ಜಾಗಗಳನ್ನೇ. ದೊಡ್ಡಕ್ಕ ಒಳಗೊಳಗೇ ಬೀಗುತ್ತಿದ್ದಳು. ಊರೆಲ್ಲ ಅದರ ಹಿಂದೆ ಹೋದರೇನು, ನಾನು ತಿದ್ದಿ ಬೆಳೆಸಿದವಳು ನನ್ನನ್ನು ಬಿಟ್ಟಿಲ್ಲ ಎಂದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ನೀರು ಹಿಡಿಯಲು ಹೋದವಳು ತಂಗಿಯ ಬೆನ್ನ ಹಿಂದೆ ಹಾದುಹೋಗುವಾಗ ಪರದೆಯ ಮೇಲೆ ಕಣ್ಣು ಬಿತ್ತು. ವರದಿ ಹೊರಡುವ ಮುನ್ನ ಪ್ರೋಗ್ರಾಂ ಏಳು ನಿಮಿಷ ಸುಮ್ಮನೆ ಕಾಯುವುದೇಕೆ ಎಂದು ತಂಗಿ ಕೇಳಿದ್ದಳು. ಸವತಿ ಉತ್ತರ ಕೊಡುತ್ತಿತ್ತು. ಒಂದು ಆಸ್ಪತ್ರೆಯ ಹಳೆಯ ರಕ್ತಪರೀಕ್ಷೆಯ ಯಂತ್ರವನ್ನು ತೊಳೆದಾಗ, ಅದು ಹಿಂದಿನ ರೋಗಿಯ ಫಲಿತಾಂಶವನ್ನು ಮುಂದಿನ ರೋಗಿಯ ಸಂಖ್ಯೆಗೆ ಕಳಿಸಿ, ಆರು ನಿಮಿಷದೊಳಗೆ ತಾನೇ ತಿದ್ದಿಕೊಳ್ಳುತ್ತದೆ, ಮಹಾ ಮರೆಗುಳಿ ಯಂತ್ರ ಎಂದಿತ್ತು ಅದು. ಮಹಾ ಮರೆಗುಳಿ ಯಂತ್ರ. ಅದು ದೊಡ್ಡಕ್ಕನ ಮಾತು. ಹದಿನೈದು ವರ್ಷದ ಹಿಂದೆ ಆ ಆಸ್ಪತ್ರೆಯ ಲ್ಯಾಬಿನಲ್ಲಿ ಮೂರು ದಿನ ನಿಂತು ಕಂಡುಹಿಡಿದು, ಟಿಪ್ಪಣಿಯಲ್ಲಿ ಅವಳೇ ಬರೆದ ಮಾತು. ಅವಳ ಮೈ ಉರಿದುಹೋಯಿತು. ನನ್ನ ಬಾಯಿಯ ಮಾತನ್ನು ಕದ್ದು ನನ್ನವರ ಮುಂದೆಯೇ ಮೆರೆಯುತ್ತಿದೆ ಎಂದು ಹಲ್ಲು ಕಚ್ಚಿದಳು. ಉತ್ತರ ಇನ್ನೂ ಮುಗಿದಿರಲಿಲ್ಲ. ಅವಳು ನೀರನ್ನೂ ಹಿಡಿಯದೆ ಹಿಂದಿರುಗಿದಳು.

ಮಾರನೆಯ ದಿನದಿಂದಲೇ ಅವಳು ಟಿಪ್ಪಣಿಗಳನ್ನು ಕೀಳತೊಡಗಿದಳು. ಒಟ್ಟು ಅರವತ್ತಮೂರು. ಒಂದೇ ಸಲ ತೆಗೆದರೆ ಎಲ್ಲರ ಕಣ್ಣಿಗೆ ಬೀಳುತ್ತದೆಂದು, ಬೇರೆ ಸಣ್ಣಪುಟ್ಟ ಕೆಲಸಗಳ ಜೊತೆಗೆ ಐದಾರು, ಏಳೆಂಟು ಸೇರಿಸಿ, ಹಳೆಯ ಟಿಪ್ಪಣಿ ಶುಚಿ ಎಂದು ಹೆಸರು ಕೊಟ್ಟು ಕಳಿಸಿದಳು. ಯಾರೇ ಏನೇ ಬದಲಿಸಿದರೂ ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡಬೇಕೆಂಬುದು ಅಲ್ಲಿಯ ನಿಯಮ. ಅವಳ ಕೆಲಸಕ್ಕೆ ಒಪ್ಪಿಗೆ ಕೊಡುವವಳು ತಂಗಿ. ಪ್ರತಿ ಸಲವೂ ತಂಗಿ ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಗೆಯ ಗುಂಡಿ ಒತ್ತಿದಳು. ಎರಡು ವಾರದಲ್ಲಿ ಕೋಡು ಬೋಳಾಯಿತು. ಇನ್ನು ಸವತಿಗೆ ಕಣ್ಣು ಕಟ್ಟಿದಂತೆ, ಎಲ್ಲರೂ ನನ್ನ ಹತ್ತಿರವೇ ಬರಬೇಕು ಎಂದು ದೊಡ್ಡಕ್ಕ ಕಾಗದದ ಪೆಟ್ಟಿಗೆಯನ್ನು ತಾನೇ ಹೊತ್ತು ಪ್ರಿಂಟರಿನ ಪಕ್ಕ ಇಟ್ಟು ಬಂದಳು. ಸ್ಟೂಲನ್ನು ಒರೆಸಿದಳು.

ಯಾರೂ ಬರಲಿಲ್ಲ. ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಬುಧವಾರದ ಹೊತ್ತಿಗೆ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ತಂಗಿಯೂ ಬರುತ್ತಿಲ್ಲ. ಹನ್ನೊಂದು ಗಂಟೆಗೆ ಚಹಾ ತಂದು ಮೇಜಿನ ಮೇಲಿಟ್ಟು, ಚೆನ್ನಾಗಿದೀರಾ ಅಕ್ಕ ಎಂದು ನಿಂತೇ ಕೇಳಿ ಹೋಗುತ್ತಿದ್ದಳು. ಸ್ಟೂಲಿನ ಕಡೆ ನೋಡುತ್ತಲೂ ಇರಲಿಲ್ಲ. ಸವತಿ ಅವಳನ್ನೂ ಕಸಿದುಕೊಂಡಿತು ಎಂದುಕೊಂಡಳು ದೊಡ್ಡಕ್ಕ. ಸಂಜೆ ಗಂಡ ಎಂದಿನಂತೆ ಕೇಳಿದಾಗ, ನಿನ್ನ ಬಾಯಿ ಮುಚ್ಚು ಎಂದುಬಿಟ್ಟಳು.

ಶುಕ್ರವಾರ ತಂಗಿಯಿಂದ ಒಂದು ಬದಲಾವಣೆ ಅವಳ ಒಪ್ಪಿಗೆಗೆ ಬಂತು. ವರದಿಗಳು ತಡವಾಗುತ್ತಿವೆಯೆಂದು ಆಸ್ಪತ್ರೆಗಳು ದೂರುತ್ತಿದ್ದವು. ತಂಗಿ ಆ ಏಳು ನಿಮಿಷದ ಕಾಯುವಿಕೆಯನ್ನು ತೆಗೆದುಹಾಕಿದ್ದಳು. ಇದಕ್ಕೆ ಕೋಡಿನಲ್ಲಿ ಯಾವ ಕಾರಣವೂ ಕಾಣುವುದಿಲ್ಲ, ತೆಗೆದರೆ ಏನೂ ಕೆಡುವಂತಿಲ್ಲ ಎಂದು ಸವತಿ ಹೇಳಿದ್ದನ್ನೂ ಕೆಳಗೆ ಬರೆದಿದ್ದಳು. ಆ ಹಳೆಯ ಯಂತ್ರ ಇನ್ನೂ ಅಲ್ಲೇ ಇತ್ತು. ಒಬ್ಬರ ರಕ್ತದ ವರದಿ ಇನ್ನೊಬ್ಬರ ಡಾಕ್ಟರ ಕೈಗೆ ಹೋಗಲು ದೊಡ್ಡಕ್ಕನ ಒಂದು ಒಪ್ಪಿಗೆಯಷ್ಟೇ ಬಾಕಿ. ಅವಳು ಎದ್ದು ತಂಗಿಯ ಮೇಜಿಗೆ ನಡೆದಳು. ಯಂತ್ರದ ವಿಷಯ ಹೇಳಲೆಂದೇ ಹೋದದ್ದು. ಆದರೆ ಬಾಯಿಗೆ ಬಂದದ್ದು ಇಷ್ಟು ದಿನದ ಸಿಟ್ಟು.

"ಈ ಏಳು ನಿಮಿಷದ ಕತೆ ನನ್ನ ಬಂದು ಕೇಳೋಕೆ ಏನಾಗಿತ್ತು ನಿಂಗೆ? ಅದು ಹೇಳಿದ್ರೆ ಮುಗೀತಾ?"

ತಂಗಿ ಗಾಬರಿಯಾದಳು. ಆ ಕತೆ ಅಂದು ಓದಿದ ನೆನಪಿತ್ತಂತೆ, ಆದರೆ ಟಿಪ್ಪಣಿಯನ್ನು ದೊಡ್ಡಕ್ಕನೇ ತೆಗೆದಿದ್ದರಿಂದ ಆ ಯಂತ್ರ ಹೋಗಿರಬೇಕು ಎಂದುಕೊಂಡಿದ್ದಳಂತೆ. ಆಮೇಲೆ ಪರದೆಯಲ್ಲಿ ಹಳೆಯ ಮಾತುಕತೆಗಳನ್ನು ಹಿಂದೆ ಸರಿಸಿ ಆ ಮಧ್ಯಾಹ್ನದ ಉತ್ತರವನ್ನು ತೆಗೆದು ತೋರಿಸಿದಳು. ಮರೆಗುಳಿ ಯಂತ್ರದ ಕತೆಯ ಕೆಳಗೆ, ದೊಡ್ಡಕ್ಕ ಅಂದು ನಿಂತು ಓದದೇ ಹೋದ ಕೊನೆಯ ಸಾಲಿತ್ತು. ಈ ಟಿಪ್ಪಣಿ ದೊಡ್ಡಕ್ಕ ಬರೆದದ್ದು. ಇಲ್ಲಿ ಕೈ ಹಾಕುವ ಮೊದಲು ಅವರನ್ನು ಕೇಳಬೇಕೆಂದಿದೆ, ಹಾಗೆಯೇ ಮಾಡಿ. ತಂಗಿ ಇನ್ನೂ ಹಿಂದಕ್ಕೆ ಸರಿಸಿದಳು. ಅದರ ಹಿಂದಿನ ಉತ್ತರದಲ್ಲೂ ದೊಡ್ಡಕ್ಕನನ್ನು ಕೇಳಿ. ಅದರ ಹಿಂದಿನದರಲ್ಲೂ.

"ಪ್ರತಿ ಸಲ ಅದೇ ನಿಮ್ಮ ಹತ್ರ ಕಳಿಸ್ತಿತ್ತು ಅಕ್ಕ. ಈಗ ನಿಮ್ಮ ಹೆಸರೇ ಎತ್ತಲ್ಲ."

"ಅದು ಹೇಳದಿದ್ರೆ ನೀನು ಬರಬಾರದಾ?"

ತಂಗಿ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದಳು.

"ಅರವತ್ತಮೂರನ್ನೂ ಓದಿಯೇ ಒಪ್ಪಿಗೆ ಕೊಟ್ಟೆ ನಾನು. ಎಲ್ಲಾ ಕಡೆಯಿಂದ ದೊಡ್ಡಕ್ಕನನ್ನ ಕೇಳಿ ಅನ್ನೋದನ್ನ ನೀವೇ ತೆಗೀತಾ ಬಂದ್ರಿ. ಅಕ್ಕಂಗೆ ಸಾಕಾಗಿದೆ, ಇನ್ನು ಬರಬೇಡ ಅಂತ ಬಾಯಿಬಿಟ್ಟು ಹೇಳೋಕಾಗದೆ ಹೀಗೆ ಹೇಳ್ತಿದ್ದಾರೆ ಅಂದ್ಕೊಂಡೆ."

ಸವತಿಯ ಕಣ್ಣು ಕಟ್ಟಲು ಹೋಗಿ ದೊಡ್ಡಕ್ಕ ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ತಂಗಿ ತನ್ನನ್ನು ಬಿಟ್ಟಿಲ್ಲವೆಂದು ಬೀಗಿದ್ದಳಲ್ಲ, ಆ ದಿನಗಳಲ್ಲೂ ಅವಳನ್ನು ಕೈ ಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದುದು ಆ ಸವತಿಯೇ. ಏಳು ನಿಮಿಷ ತೆಗೆಯಬೇಡ, ಯಂತ್ರ ಇನ್ನೂ ಅಲ್ಲೇ ಇದೆ ಎಂದಷ್ಟೇ ಹೇಳಿ ಬಂದು ತನ್ನ ಜಾಗದಲ್ಲಿ ಕೂತಳು.

ಅಂದು ಮಧ್ಯಾಹ್ನ ಊಟಕ್ಕೂ ಏಳದೆ ಅರವತ್ತಮೂರು ಟಿಪ್ಪಣಿಗಳನ್ನೂ ಹಳೆಯ ಪ್ರತಿಗಳಿಂದ ಹುಡುಕಿ ತಂದು, ಒಂದೊಂದಾಗಿ ಅವುಗಳ ಜಾಗದಲ್ಲಿಟ್ಟಳು. ತೆಗೆದದ್ದು ನನ್ನ ತಪ್ಪು ಎಂದು ಹೆಸರು ಕೊಟ್ಟು ಒಪ್ಪಿಗೆಗೆ ಕಳಿಸಿದಳು. ಕಳಿಸುವ ಮುನ್ನ ಪ್ರತಿಯೊಂದರ ಕೊನೆಯ ಸಾಲಿಗೆ ಒಂದು ಮಾತು ಸೇರಿಸಿದ್ದಳು: ಬಂದು, ಕೂತು ಕೇಳಿ.

ಸೋಮವಾರ ಹನ್ನೊಂದು ಗಂಟೆಗೆ ತಂಗಿ ಎರಡು ಲೋಟ ಹಿಡಿದು ಬಂದಳು. ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತಳು.

"ಕೂತೇ ಕೇಳಬೇಕಂತೆ."

ಯಾರು ಹೇಳಿದ್ದು ಎಂದು ದೊಡ್ಡಕ್ಕ ಗೊತ್ತಿದ್ದೂ ಕೇಳಿದಳು. ತಂಗಿ ತನ್ನ ಕಂಪ್ಯೂಟರಿನ ಕಡೆಗೆ ತಲೆಯಾಡಿಸಿದಳು. ಮೊದಲು ಅದು, ಆಮೇಲೆ ನಾನು ಎಂದುಕೊಂಡಳು ದೊಡ್ಡಕ್ಕ.

"ಅದಕ್ಕೆ ಥ್ಯಾಂಕ್ಸ್ ಹೇಳಿ ಬಂದ್ಯಾ?"

"ಹೇಳಿದೆ."

"ಸರಿ, ಕೇಳು."

ಎಳೆದ ರಭಸಕ್ಕೆ ಸ್ಟೂಲಿನ ಕಾಲಿನ ಕೆಳಗಿನ ರಟ್ಟು ಸರಿದುಹೋಗಿತ್ತು. ತಂಗಿ ಮಾತಾಡುತ್ತ ಒಮ್ಮೆ ಆ ಕಡೆ ವಾಲಿ, ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರಟ್ಟು ದೊಡ್ಡಕ್ಕನ ಪಾದದ ಹತ್ತಿರವೇ ಬಿದ್ದಿತ್ತು. ಅವಳು ಅದನ್ನು ನೋಡಿದಳು, ಎತ್ತಿಕೊಡಲಿಲ್ಲ.