ಅವ್ವನ ಖಾನಾವಳಿಯಲ್ಲಿ ಅಳುತ್ತಿದ್ದ ಗಂಡಸರು

ಗಂಡಸು ಅಳುವ ಮೊದಲು ಕೆಮ್ಮುತ್ತಾನೆ. ಹೋದ ತಿಂಗಳು ಹೆಬ್ಬಾಳದ ಹತ್ತಿರದ ಮಾಲ್‌ನಲ್ಲಿ ಒಂದು ಪ್ರೇಮಕಥೆ ನೋಡುತ್ತ ಕೂತಿದ್ದಾಗ ಹಿಂದಿನ ಸಾಲಿನಿಂದ ಆ ಕೆಮ್ಮು ಕೇಳಿಸಿತು. ಮೊದಲು ಗಂಟಲು ಸರಿಮಾಡಿಕೊಳ್ಳುವ ಸುಳ್ಳು ಕೆಮ್ಮು, ಆಮೇಲೆ ಮೂಗಿನೊಳಗೇ ಎಳೆದುಕೊಂಡ ಉಸಿರು, ಕೊನೆಗೆ ಕರ್ಚೀಫಿಗಾಗಿ ಪ್ಯಾಂಟಿನ ಜೇಬು ತಡಕಾಡುವ ಸರಬರ. ನಾನು ತಿರುಗಿ ನೋಡಲಿಲ್ಲ. ಆ ಸದ್ದು ಕೇಳಿಕೊಂಡೇ ಬೆಳೆದವಳು ನಾನು. ಎಸಿಯ ತಣ್ಣನೆ ಗಾಳಿ, ಪಾಪ್‌ಕಾರ್ನಿನ ಬೆಣ್ಣೆವಾಸನೆಯ ನಡುವೆ ಎಲ್ಲಿಂದಲೋ ಶೇಂಗಾ ಚಟ್ನಿಯ ಬೆಳ್ಳುಳ್ಳಿ ಘಮ, ಎಷ್ಟು ತಿಕ್ಕಿದರೂ ಮೆಷಿನ್ ಎಣ್ಣೆ ಪೂರ್ತಿ ಹೋಗದ ಕೈಗಳ ವಾಸನೆ, ನೆರಳಲ್ಲೇ ಒಣಗಿದ ಟವೆಲ್‌ಗಳ ಮುಗ್ಗಲು ಒಟ್ಟಿಗೆ ಎದ್ದು ಬಂದವು. ಪಕ್ಕದಲ್ಲಿದ್ದ ಗೆಳೆಯ ನನ್ನ ಕಿವಿಗೆ ಬಗ್ಗಿ, "ಮಗಾ, ಗಂಡಸರೂ ಎಂಜಾಯ್ ಮಾಡೋ ಅಂಥ ಲವ್ ಸ್ಟೋರಿ ಕಣೇ ಇದು. ರೇರ್" ಅಂದ. ಸ್ಕೂಲಿನಿಂದ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲೇ ಬಾಯಿ ಸವೆಸಿದವಳು ನಾನು. ಇಂಥ ಮಾತನ್ನು ಸುಮ್ಮನೆ ಬಿಡುವುದು ನನ್ನ ಜಾಯಮಾನವಲ್ಲ. ಆದರೂ ಬಿಟ್ಟೆ. ಅವನಿಗೆ ಉತ್ತರ ಕೊಡಬೇಕಾದರೆ ಇಲ್ಲವಾದ ಒಂದು ಮನೆಯನ್ನು ಮೊದಲಿಂದ ಕಟ್ಟಬೇಕಿತ್ತು.

ಆ ಮನೆ ಯಶವಂತಪುರದಲ್ಲಿತ್ತು, ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಅಪ್ಪ ತೀರಿಕೊಂಡಾಗ ನನಗಿನ್ನೂ ಮಾತೂ ಬಂದಿರಲಿಲ್ಲವಂತೆ. ಅವ್ವ ಬಾಗಲಕೋಟೆ ಕಡೆಯ ಹಳ್ಳಿಯಿಂದ ನನ್ನನ್ನು ಸೊಂಟಕ್ಕೇರಿಸಿಕೊಂಡು ರೈಲು ಹತ್ತಿ, ಎಲ್ಲಿ ಇಳಿದಳೋ ಅದರ ಪಕ್ಕದಲ್ಲೇ ನೆಲೆ ನಿಂತಳು. ಕೆಳಗಿನ ಎರಡು ಕೋಣೆ ನಮ್ಮದು, ಮೇಲೆ ಮನೆಯ ಓನರ್ ಜಯಮ್ಮ. ಮುಂದಿನ ಕೋಣೆಯಲ್ಲಿ ಅವ್ವ ಖಾನಾವಳಿ ನಡೆಸುತ್ತಿದ್ದಳು. ಬೋರ್ಡು ಇರಲಿಲ್ಲ, ಜೋಳದ ರೊಟ್ಟಿ ಬಡಿಯುವ ಸದ್ದೇ ಬೋರ್ಡು. ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯಿಂದ ಬಂದು ಫ್ಯಾಕ್ಟರಿ, ಗೋದಾಮು, ಕಾಲೇಜು ಅಂತ ಅಲ್ಲಲ್ಲಿ ಕೆಲಸಕ್ಕಿದ್ದ ಗಂಡಸರು ಆ ಸದ್ದಿನ ಜಾಡು ಹಿಡಿದು ಬರುತ್ತಿದ್ದರು. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತು, ತಾಟು ಮುಂದಿಟ್ಟುಕೊಂಡು, ಎಣ್ಣೆಗಾಯಿ ಬದನೆಕಾಯಿಯ ಮಸಾಲೆ ಬೆರಳಿಗಂಟುವಂತೆ ಉಣ್ಣುತ್ತಿದ್ದರು. ಎಲ್ಲರ ಬಾಯಲ್ಲೂ ಅವ್ವ 'ಅಕ್ಕಾರ'. "ಅಕ್ಕಾರ, ಚಟ್ನಿ ನೀಡ್ರಿ. ಅಕ್ಕಾರ, ಮಜ್ಜಿಗಿ ಐತೇನ್ರಿ?" ಅವ್ವನಿಗಿಂತ ಹತ್ತು ವರ್ಷ ದೊಡ್ಡವನಾದ ಈರಪ್ಪನೂ ಹಾಗೇ ಕರೆಯುತ್ತಿದ್ದ. ಒಂಟಿ ಹೆಂಗಸು ನೀಡಿದ್ದನ್ನು ಉಣ್ಣಬೇಕಾದರೆ ಹಾಗೆ ಕರೆಯಲೇಬೇಕು, ಅದು ಅವರ ಕಡೆಯ ಮರ್ಯಾದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಎದ್ದು ಹೋಗುತ್ತಿರಲಿಲ್ಲ. ಅವರೇ ಕೂಡಿ ತಂದಿಟ್ಟ ಒಂದು ಟಿವಿ, ಒಂದು ಡಿವಿಡಿ ಪ್ಲೇಯರ್ ಇದ್ದವು. ಎಲ್ಲರಿಗಿಂತ ಚಿಕ್ಕವನಾದ ಬಸು ಯಾವುದೋ ಅಂಗಡಿಯಿಂದ ಸಿನಿಮಾ ತರುತ್ತಿದ್ದ. ಹೊಡೆದಾಟದ್ದು ತಂದರೆ ಈರಪ್ಪ ಬೈಯುತ್ತಿದ್ದ: "ದಿನಾ ಫ್ಯಾಕ್ಟರ್‍ಯಾಗ ಢಣಢಣ ಕೇಳೂದು ಸಾಲದೇನಲೇ? ಲವ್ ಇರೂದು ತಾರಲೇ ಮಂಗ್ಯಾನಮಗನ!" ಗಂಡಸರು ಪ್ರೇಮದ ಸಿನಿಮಾ ನೋಡುವುದಿಲ್ಲ, ಹೆಂಡತಿಯ ಕಾಟಕ್ಕೆ ಜೊತೆಯಲ್ಲಿ ಕೂರುತ್ತಾರೆ ಅಷ್ಟೆ ಎಂದು ನಂಬಿರುವವರು ನಮ್ಮ ಮನೆಯ ಆ ಮಧ್ಯಾಹ್ನಗಳನ್ನು ನೋಡಬೇಕಿತ್ತು. ಕಿಟಕಿಗೆ ಚಾದರ ಕಟ್ಟಿದ ಆ ಅರೆಗತ್ತಲಲ್ಲಿ, ಹೊರಗೆ ಗೂಡ್ಸ್ ಗಾಡಿ ಹೋದಾಗಲೆಲ್ಲ ಮಾತು ಕೇಳಿಸದೆ "ತಡೀರಿ, ಹಿಂದ ಹಾಕ್ರಿ" ಎಂದು ಕೂಗುತ್ತ, ಅವರು ನೋಡುತ್ತಿದ್ದ ಪ್ರೀತಿಗೆ ಲೆಕ್ಕವಿಲ್ಲ.

ಯಾವ ಪ್ರೀತಿ ಅವರಿಗೆ ಹಿಡಿಸುತ್ತಿತ್ತು ಎಂಬುದನ್ನು ಮಾತ್ರ ನಾನು ಆಮೇಲೆ, ಬುದ್ಧಿ ಬಂದ ಮೇಲೆ ಲೆಕ್ಕ ಹಾಕಿದ್ದು. ಹುಡುಗ ಕಾಯಬೇಕು. ಬಿಸಿಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಅವಳ ಮನೆಯೆದುರಿನ ಅಂಗಡಿಯಲ್ಲಿ ಕಾಯಬೇಕು. ಅವಮಾನ, ಪೆಟ್ಟು ಎರಡನ್ನೂ ತಿನ್ನಬೇಕು. ಕೊನೆಗೆ ಸಿಕ್ಕರೆ ಸರಿ, ಸಿಗದಿದ್ದರೆ ಇನ್ನೂ ಚೆಂದ. ಪ್ರೀತಿಸುವ ಕಷ್ಟವೆಲ್ಲ ಅವನದು, ಹುಡುಗಿಯ ಪಾಲಿನದು ತಿರುಗಿ ನೋಡುವುದಷ್ಟೆ. ಒಮ್ಮೆ ಬಸು ತಂದ ಸಿನಿಮಾದಲ್ಲಿ ಹುಡುಗಿಯೇ ಮೊದಲು ಮನಸ್ಸು ಮಾಡಿ, ಹುಡುಗನ ಮನೆಗೇ ಹೋಗಿ ಕೇಳಿದಳು. ಒಬ್ಬ ನೀರು ಕುಡಿಯಲು ಎದ್ದ, ಒಬ್ಬ ಬೀಡಿಗೆ ಹೋದ, ಈರಪ್ಪ ಗೊರಕೆ ಹೊಡೆದ. ಆಗ ನಾನು ಅದನ್ನು ಸೆಕೆ ಅಂದುಕೊಂಡಿದ್ದೆ.

ಅವರು ಮತ್ತೆ ಮತ್ತೆ ಹಾಕಿಸಿ ನೋಡುತ್ತಿದ್ದ ಸಿನಿಮಾ ಒಂದಿತ್ತು. ಗಂಡ ಸತ್ತ ಹೆಣ್ಣೊಬ್ಬಳನ್ನು ಲಾರಿ ಡ್ರೈವರ್ ಒಬ್ಬ ಪ್ರೀತಿಸುತ್ತಾನೆ. ಊರವರು ಅವಳ ಬಾಗಿಲಿಗೆ ಬಂದು ಕೂಗಾಡುತ್ತಾರೆ, ಅವನು ಲಾರಿ ನಿಲ್ಲಿಸಿಕೊಂಡು ಊರ ಹೊರಗೆ ಮಳೆಯಲ್ಲಿ ನೆನೆಯುತ್ತಾನೆ. ಅಲ್ಲಿಗೆ ನಮ್ಮ ಕೋಣೆಯಲ್ಲಿ ಕೆಮ್ಮು ಶುರುವಾಗುತ್ತಿತ್ತು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ. ಈರಪ್ಪನಿಗೆ ಮುಚ್ಚಿಡುವುದು ಬರುತ್ತಿರಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಪರದೆಗೇ ಬೈಯುತ್ತಿದ್ದ: "ಮದಿವಿ ಆಗಲೇ ತಮ್ಮಾ! ಊರ ಮಂದಿ ಏನು ನಿನ್ನ ತಾಟಿಗೆ ಬಂದು ನೀಡ್ತಾರೇನು? ಆಕಿ ಬದುಕಬಾರದೇನು?" ಬಸು ಅವನನ್ನು ಕಿಚಾಯಿಸುತ್ತಿದ್ದ, "ಕಾಕಾ, ನೀವಽ ಹೋಗಿ ಮುಂದ ನಿಂತು ಮಾಡಸ್ರಿ." ಎಲ್ಲರೂ ನಗುತ್ತಿದ್ದರು, ಒದ್ದೆ ಕಣ್ಣಲ್ಲಿ.

ಆ ಸಾಲಿನ ಕೊನೆಯಲ್ಲಿ, ಬಾಗಿಲ ಹತ್ತಿರ ಕೂರುತ್ತಿದ್ದವನು ಶಿವಾನಂದ. ಯಲಹಂಕದ ಕಡೆಯ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್. ಈರಪ್ಪನ ಊರಿನವನೇ, ಈರಪ್ಪ, ಬಸು ಇದ್ದ ಬಾಡಿಗೆ ಕೋಣೆಯಲ್ಲೇ ಇದ್ದ. ನನಗೆ ಸೀಮೆಸುಣ್ಣದ ತುಂಡು, ಒಡೆದ ಭೂತಕನ್ನಡಿ ತಂದುಕೊಡುತ್ತಿದ್ದ, ನನ್ನ ಎಂಥ ಮೊಂಡುವಾದಕ್ಕೂ ಪೂರ್ತಿ ಕಿವಿಗೊಟ್ಟು ಆಮೇಲೆ ಉತ್ತರ ಹೇಳುತ್ತಿದ್ದ. ಮನೆಯಲ್ಲಿ ಏನೋ ಬದಲಾಗಿದೆ ಎಂದು ನನಗೆ ಗೊತ್ತಾದದ್ದು ಅವನ ಒಂದು ಮಾತಿನಿಂದ, ಅಥವಾ ಇಲ್ಲದ ಮಾತಿನಿಂದ. ಎಲ್ಲರೂ "ಅಕ್ಕಾರ, ಇನ್ನೊಂದು ರೊಟ್ಟಿ" ಅನ್ನುವಲ್ಲಿ ಅವನು ಬರೀ "ಇನ್ನೊಂದು ರೊಟ್ಟಿ" ಅನ್ನತೊಡಗಿದ್ದ. ಅವ್ವನಿಗೆ ಬೇರೆ ಹೆಸರೇನೂ ಇಡಲಿಲ್ಲ, ಇದ್ದದ್ದನ್ನು ಬಿಟ್ಟ, ಅಷ್ಟೆ. ಅವನು ಬಿಟ್ಟ ಆ ಜಾಗದಲ್ಲಿ ಅವ್ವ ಒಂದು ಕ್ಷಣ ನಿಂತು, ಆಮೇಲೆ ನೀಡುತ್ತಿದ್ದಳು. ಅವಳು ಆ ದಿನಗಳಲ್ಲಿ ಹಾಡಿಕೊಳ್ಳುತ್ತಿದ್ದಳು. ಹಿಟ್ಟು ನಾದುವಾಗ, ನನ್ನ ಜಡೆ ಹಾಕುವಾಗ, ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದಳು. "ಶಿವಾನಂದ ಮಾಮಾ ನಮ್ಮ ಮನ್ಯಾಗಽ ಇದ್ರ ನಿನಗ ನಡೀತೈತೇನು?" ಎಂದು ನನ್ನನ್ನೇ ಮೊದಲು ಕೇಳಿದಳು. ಅವತ್ತು ಮಾತ್ರ ನಾನು ವಾದ ಹೂಡದೆ ಹೂಂ ಅಂದೆ.

ನಾವು ಹೆದರಿದ್ದು ಜಯಮ್ಮನಿಗೆ. ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡಿದ್ದೆವು. ಅವ್ವ ಮೇಲೆ ಹೋಗಿ ತಡವರಿಸುತ್ತ ಹೇಳಿದಾಗ ಅವರು ಸೊಪ್ಪು ಬಿಡಿಸುತ್ತ ತಲೆಯನ್ನೂ ಎತ್ತದೆ, "ಅಯ್ಯೋ, ಮಾಡ್ಕೊಳಮ್ಮ. ನಂಗೇನು? ಇರೋದೊಂದು ಬಾಳು. ಬಾಡ್ಗೆ ಅವ್ನ ಕೈಲಿ ಕಳಿಸ್ಬೇಡ, ನೀನೇ ತಂದ್ಕೊಡು" ಅಂದರು. ಜಯಮ್ಮ ಸಿನಿಮಾ ನೋಡಿದ್ದನ್ನು ನಾನು ಕಂಡಿಲ್ಲ. ಕಣ್ಣೀರು ಹಾಕಿದ್ದನ್ನಂತೂ ಇಲ್ಲವೇ ಇಲ್ಲ.

ಇನ್ನು ಉಳಿದದ್ದು ನಮ್ಮವರು. ಅವರಿಗೆ ಹೇಳಲು ಅವ್ವ ಆರಿಸಿಕೊಂಡದ್ದು ಒಂದು ಭಾನುವಾರ, ಅದೇ ಸಿನಿಮಾ ಮುಗಿದ ಗಳಿಗೆ. ಬಸು ಕಿಟಕಿಯ ಚಾದರ ಬಿಚ್ಚಿದ್ದ. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ಅವ್ವ ಸೆರಗಿಗೆ ಕೈ ಒರೆಸುತ್ತ ಬಂದು ನಿಂತು, "ನಾನೂ ಇವರೂ ಮದಿವಿ ಆಗಬೇಕಂತ ಮಾಡೀವ್ರಿ. ನೀವೆಲ್ಲಾ ಮುಂದ ನಿಂತು ಮಾಡಬೇಕು" ಅಂದಳು. ಶಿವಾನಂದ ನೆಲ ನೋಡುತ್ತ ಎದ್ದು ನಿಂತ. ಈರಪ್ಪ ಮೊದಲು ನಕ್ಕ. "ಅಕ್ಕಾರ, ಚಾಷ್ಟಿ ಮಾಡಬ್ಯಾಡ್ರಿ." ತಮಾಷೆಯಲ್ಲ ಎಂದು ತಿಳಿದಾಗ ಅವನ ಮುಖ ಗಟ್ಟಿಯಾಯಿತು, ಕೆನ್ನೆಯ ಮೇಲೆ ನೀರು ಇನ್ನೂ ಹಾಗೇ ಇತ್ತು. "ಅಕ್ಕಾ ಅಂತ ಕರದು ಉಂಡೀವಿ. ಅಕ್ಕನ್ನ ಯಾರರ ಮದಿವಿ ಆಗ್ತಾರೇನ್ರಿ? ಊರಾಗ ಗೊತ್ತಾದ್ರ ನಮ್ಮೆಲ್ಲಾರ ಮಾರಿಗೂ ಉಗುಳ್ತಾರ." ಅವ್ವ ಮೆಲ್ಲಗೆ ಹೇಳಿದಳು, "ನೀವು ಕರದೀರಿ. ಅವರು ಕರಿಯೂದು ಬಿಟ್ಟು ಭಾಳ ದಿನಾ ಆತು."

ಎದುರಾಳಿಯ ವಾದವನ್ನು ಅದರ ಅತಿ ಬಲವಾದ ರೂಪದಲ್ಲಿಟ್ಟು ಆಮೇಲೆ ಮುರಿಯಬೇಕು ಎಂದು ನನಗೆ ಕಲಿಸಿದ್ದಾರೆ. ಇಟ್ಟು ನೋಡಿದ್ದೇನೆ. ವಿಧವೆ ನಡೆಸುವ ಖಾನಾವಳಿಯಲ್ಲಿ ಮಗ ಉಣ್ಣುತ್ತಾನೆ, ಗಂಡ ಉಣ್ಣುತ್ತಾನೆ ಎಂದು ಗೊತ್ತಿದ್ದೂ ಊರಲ್ಲಿ ಕೂತ ತಾಯಂದಿರು, ಹೆಂಡಂದಿರು ನಿಶ್ಚಿಂತೆಯಿಂದ ಇದ್ದದ್ದು ಆ ಒಂದು 'ಅಕ್ಕಾರ'ದ ಮೇಲೆ. ಒಬ್ಬನಿಗೆ ಅದು ಸುಳ್ಳಾದರೆ ಎಲ್ಲರಿಗೂ ಸುಳ್ಳಾಗಬಹುದು. ಸರಿ, ಒಪ್ಪಿದೆ. ಆದರೆ ಬಸ್ಸಿನಲ್ಲಿ ಚಿಲ್ಲರೆ ಕೇಳುವ ಹೆಂಗಸರೆಲ್ಲ ಕಂಡಕ್ಟರನಿಗೆ ಅಣ್ಣಾ ಅನ್ನುತ್ತಾರೆ, ಹಾಗಂತ ಅವನಿಗೆ ಯಾರೂ ಹೆಣ್ಣು ಕೊಡದೆ ಬಿಡುತ್ತಾರೆಯೇ? ಅವರ ಮರ್ಯಾದೆಗೆ ಇಷ್ಟು ತೆಳುವಾದ ಗೋಡೆಯಿದ್ದರೆ ಅದನ್ನು ಕಾಯುವ ಕೆಲಸ ನನ್ನ ಅವ್ವನದೇ ಯಾಕಾಗಬೇಕು? ಈ ವಾದವನ್ನು ನಾನು ಎಷ್ಟೋ ವೇದಿಕೆಗಳಲ್ಲಿ, ಬೇರೆ ಬೇರೆ ವಿಷಯಗಳ ಹೆಸರಲ್ಲಿ ಗೆದ್ದಿದ್ದೇನೆ. ಗೆಲ್ಲಬೇಕಿದ್ದ ಕೋಣೆಯಲ್ಲಿ ನಾನಿನ್ನೂ ಲಂಗ ತೊಟ್ಟ ಮಗು.

ಅವರು ಕೂಗಾಡಲಿಲ್ಲ. ಸಿನಿಮಾದ ಊರವರ ಹಾಗೆ ಬಾಗಿಲಿಗೆ ಬರಲೂ ಇಲ್ಲ. ಉಣ್ಣಲು ಬರುವುದನ್ನು ನಿಲ್ಲಿಸಿದರು. ವಾರವಿಡೀ ಅವ್ವ ಬಡಿದ ರೊಟ್ಟಿ ಬುಟ್ಟಿಯಲ್ಲೇ ಸೆಟೆದುಕೊಂಡಿತು. ಬಾಡಿಗೆ ಕೋಣೆಯಲ್ಲಿ ಶಿವಾನಂದನ ಜೊತೆ ಮಾತು ಬಿಟ್ಟರು, ಅವನ ಊರಿಗೆ ಫೋನು ಹೋಯಿತು, ಅವನ ತಾಯಿ ಅನ್ನ ನೀರು ಬಿಟ್ಟಳಂತೆ. ಇದೆಲ್ಲ ನಮಗೆ ಬಸುವಿನಿಂದ ತಿಳಿದದ್ದು. ಮುಂದಿನ ಭಾನುವಾರ ಎಲ್ಲರೂ ಒಟ್ಟಿಗೆ ಬಂದರು, ಏನೂ ಆಗಿಲ್ಲವೆಂಬಂತೆ. ಶಿವಾನಂದ ಬಾಗಿಲ ಹತ್ತಿರ ಕೂರಲಿಲ್ಲ. ಅವನನ್ನು ನಡುವೆ ಕೂರಿಸಿದ್ದರು. ಅವ್ವ ತಾಟು ಹಾಕಿದಳು. ಯಾರೂ ಉಣ್ಣಲಿಲ್ಲ, ಕಾಯುತ್ತಿದ್ದರು. ಆಗ ಅವನು, ತಾಟಿನಿಂದ ಕಣ್ಣೆತ್ತದೆ, "ಅಕ್ಕಾರ, ಇನ್ನೊಂದು ರೊಟ್ಟಿ ನೀಡ್ರಿ" ಅಂದ. ತಾಟಿನಲ್ಲಿದ್ದ ರೊಟ್ಟಿಯನ್ನು ಅವನಿನ್ನೂ ಮುಟ್ಟಿರಲಿಲ್ಲ.

ಅವ್ವ ನೀಡಿದಳು. ಈರಪ್ಪ ಉಸಿರುಬಿಟ್ಟು, "ನಮಗೂ ನೀಡ್ರಿ ಅಕ್ಕಾರ" ಅಂದ, ದೊಡ್ಡ ಧ್ವನಿಯಲ್ಲಿ. ಎಲ್ಲರಿಗೂ ನೀಡಿದಳು. ಆಮೇಲೆ ಟಿವಿಯ ಪ್ಲಗ್ ಕಿತ್ತು, ವಯರು ಸುತ್ತಿ ಅದರ ತಲೆಯ ಮೇಲಿಟ್ಟಳು. "ನಿಮ್ಮ ಟಿವಿ ಒಯ್ರಿ. ನಾಳಿಂದ ಒಲಿ ಹಚ್ಚಂಗಿಲ್ಲ." ಈರಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ಸಿಟ್ಟಿಗೇಳಬ್ಯಾಡ್ರಿ ಅಕ್ಕಾರ, ನಿಮ್ಮ ಚೊಲೋದಕ್ಕಽ..." ಅವ್ವ ಅಂದಳು, "ಉಣ್ರಿ. ಆರತೈತಿ."

ಈಗ ಆ ಓಣಿಯಲ್ಲಿ ನಮ್ಮ ಮನೆಯಿಲ್ಲ. ಜಯಮ್ಮ ಹೋದ ಮೇಲೆ ಮಕ್ಕಳು ಕೆಡವಿ ಮೇಲಕ್ಕೆ ಮೇಲಕ್ಕೆ ಕಟ್ಟಿದ್ದಾರೆ, ಗಂಡು ಹುಡುಗರ ಪಿಜಿ. ಒಮ್ಮೆ ಹೋಗಿ ಎದುರು ನಿಂತಿದ್ದೆ. ತೆರೆದ ಕಿಟಕಿಗಳಲ್ಲಿ ಕಂಡ ಪ್ರತಿ ಮಂಚದಲ್ಲೂ ಒಬ್ಬೊಬ್ಬ ಕಿವಿಗೆ ವಯರು ಸಿಕ್ಕಿಸಿಕೊಂಡು ತನ್ನ ಫೋನಿನಲ್ಲಿ ತನ್ನ ಪ್ರೀತಿಯನ್ನು ತಾನೊಬ್ಬನೇ ನೋಡುತ್ತಿದ್ದ. ನಿಮಗೂ ಇಂಥ ಒಂದು ಕೋಣೆ ಗೊತ್ತಿರಬಹುದು. ಅಲ್ಲಿ ನಡೆದದ್ದನ್ನು ಕ್ಷಮಿಸಲಾರಿರಿ, ಅಲ್ಲಿನ ವಾಸನೆಯನ್ನು ಬಿಡಲಾರಿರಿ. ಶಿವಾನಂದನಿಗೆ ಊರಲ್ಲಿ ಮದುವೆಯಾಯಿತಂತೆ. ಅವ್ವ ರಾಜಾನುಕುಂಟೆಯ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಹಿಟ್ಟು ನಾದಲು ಅಲ್ಲಿ ಮೆಷಿನ್ ಇದೆ. ಅವಳು ಗುನುಗುವುದನ್ನು ನಾನು ಮತ್ತೆ ಕೇಳಿಲ್ಲ.

ಅವ್ವ ಸಿನಿಮಾ ನಂಬಿ ಕೆಟ್ಟಳು. ಬಹಳ ವರ್ಷ ಇದೇ ನನ್ನ ತೀರ್ಮಾನವಾಗಿತ್ತು. ಮಾಲ್‌ನಲ್ಲಿ ಆ ಕೆಮ್ಮು ಕೇಳಿದ ಮರುದಿನ ಹಾಸ್ಟೆಲಿನ ಅವಳ ಕೋಣೆಗೆ ಹೋಗಿ ಅದನ್ನೇ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟೆ. ಮೂರು ಗಂಟೆ ಯಾರದೋ ಸುಳ್ಳು ಪ್ರೀತಿ ನೋಡಿ ಅವರು ಕರಗಿದರು ಎಂದುಕೊಂಡೆಯಲ್ಲ, ಅಷ್ಟೂ ತಿಳಿಯಲಿಲ್ಲವೇ ನಿನಗೆ ಎಂದೆ. ಅವಳು ಸಿಟ್ಟಾಗಲಿಲ್ಲ.

"ನಾ ಸಿನಿಮಾ ಎಲ್ಲಿ ನೋಡೀನಿ?" ಅಂದಳು. "ಒಲಿ ಮುಂದ ನಿಂತ್ರ ಟಿವಿ ಕಾಣ್ತಿರ್ಲಿಲ್ಲವಾ. ಗ್ವಾಡಿ ಅಡ್ಡ ಬರ್ತಿತ್ತು. ಅವರ ಮಾರಿ ಅಷ್ಟಽ ಕಾಣ್ತಿದ್ವು. ಅವನ್ನಽ ನೋಡ್ತಿದ್ದೆ." ಮತ್ತೆ ಅಂದಳು, "ಸುಳ್ಳು ಅಳೂ ಮಾರಿ ಅಲ್ಲವಾ ಅವು. ಖರೇನಽ ಅಳ್ತಿದ್ರು."

ನಾನು ಬಾಯಿ ತೆರೆದೆ. ಇದಕ್ಕೊಂದು ಪ್ರತಿವಾದ ಇರಲೇಬೇಕು. ಹೊರಗೆ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಅವ್ವ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು, ಕೈ ಎರಡೂ ಮಡಿಲಲ್ಲಿ, ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತ.