ಹೊಸ ಲೆಕ್ಕದ ಚಿತ್ರ

ನನ್ನ ಅತ್ತಿಗೆಯಷ್ಟು ಖಡಾಖಂಡಿತದ ಹೆಂಗಸನ್ನು ನಾನು ಕಂಡಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳು ಪೆಟ್ ಸ್ಕ್ಯಾನ್ ಯಂತ್ರ ನಡೆಸುತ್ತಾಳೆ. ಚೂರು ವಿಕಿರಣ ಬೆರೆತ ಸಕ್ಕರೆಯ ಮದ್ದನ್ನು ನರಕ್ಕೆ ಚುಚ್ಚಿ, ರೋಗಿಯನ್ನು ಮಬ್ಬು ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ ಮಲಗಿಸಿ, ಆಮೇಲೆ ಯಂತ್ರದೊಳಗೆ ಕಳಿಸುವುದು ಅವಳ ಕೆಲಸ. ಮಿದುಳು ಚುರುಕಾಗಿರುವ ಕಡೆ ಸಕ್ಕರೆ ಹೆಚ್ಚು ಸೇರುತ್ತದೆ, ಚಿತ್ರದಲ್ಲಿ ಅಲ್ಲಿ ಕೆಂಪು. ಸೊರಗಿದ ಕಡೆ ನೀಲಿ. "ಹೇಗಿದೆ ಮೇಡಂ?" ಎಂದು ಯಾರಾದರೂ ಕೇಳಿದರೆ ಮುಖಕ್ಕೆ ಹೊಡೆದಂತೆ ಹೇಳುವಳು: "ಡಾಕ್ಟ್ರನ್ನ ಕೇಳಿ. ನಾನು ಚಿತ್ರ ತೆಗೆಯೋಳು ಅಷ್ಟೇ."

ಅವಳ ಗಂಡ, ನನ್ನಣ್ಣ, ದರ್ಜಿ. ಅಂಗಡಿಯಲ್ಲಿ ಕತ್ತರಿ ಅವನದು, ಗುಂಡಿ ಕಾಜ ನನ್ನದು. "ನಂದು ಹೊರಗಿನ ಅಳತೆ, ತಲೆ ಒಳಗಿಂದೇನಿದ್ರೂ ಇವಳ ಡಿಪಾರ್ಟ್‌ಮೆಂಟು" ಎಂದು ಗಿರಾಕಿಗಳ ಮುಂದೆ ಅವಳನ್ನು ರೇಗಿಸುತ್ತಿದ್ದ. ಅಂಥವನಿಗೆ ಮರೆವು ಶುರುವಾಯಿತು. ಮೊದಲು ಗಿರಾಕಿಗಳ ಹೆಸರು, ಆಮೇಲೆ ಅಳತೆ, ಆಮೇಲೆ ಅಂಗಡಿಯ ದಾರಿ. ಕಳೆದ ವರ್ಷದ ಚಿತ್ರದಲ್ಲಿ ಎರಡೂ ಕಿವಿಗಳ ಮೇಲಕ್ಕಿರುವ ಮಿದುಳು ನೀಲಿಗಟ್ಟಿತ್ತು. ಕತ್ತರಿ ಮುಟ್ಟಬೇಡ ಎಂದು ನಾವೇ ಅವನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದೆವು.

ಈ ವರ್ಷ ಮತ್ತೆ ಸ್ಕ್ಯಾನ್ ಆದ ದಿನ ಅತ್ತಿಗೆ ಅಂಗಡಿಗೆ ಓಡೋಡಿ ಬಂದಳು.

"ಕೆಂಪು ಬಂದಿದೆ ಕಣೇ! ಹೋದ್ವರ್ಷಕ್ಕಿಂತ ಎಷ್ಟೋ ವಾಸಿ!" ಎಂದು ನನ್ನನ್ನು ತಬ್ಬಿಕೊಂಡು ಅತ್ತಳು.

ಅಣ್ಣ ಕುರ್ಚಿಯಿಂದ ಎದ್ದ. "ಅಂದ್ರೆ ನನ್ನ ತಲೆ ಸರಿಹೋಯ್ತಾ?"

"ಸರಿಹೋಗ್ತಿದೆ ರೀ" ಅಂದುಬಿಟ್ಟಳು. ಡಾಕ್ಟರು ಆ ಚಿತ್ರವನ್ನು ಇನ್ನೂ ನೋಡಿಯೇ ಇರಲಿಲ್ಲ.

ಅವತ್ತೇ ಅವನು ಕತ್ತರಿ ಎತ್ತಿಕೊಂಡು ಯಾರದೋ ಕೋಟಿನ ಬಟ್ಟೆ ಕತ್ತರಿಸಿದ. ನೋಡಿದರೆ ಎರಡೂ ತೋಳು ಎಡಗೈಯವೇ. "ಅಯ್ಯೋ, ಅಭ್ಯಾಸ ತಪ್ಪಿದೆ ಬಿಡು" ಎಂದು ನಾನು ನಕ್ಕೆ. ಅತ್ತಿಗೆ ನಗಲಿಲ್ಲ.

ಮರುದಿನ ಡಾಕ್ಟರು ಅವಳನ್ನು ಕರೆಸಿದರು. ಆಗಿದ್ದು ಇಷ್ಟೇ. ಯಂತ್ರ ತಾನಾಗಿ ಚಿತ್ರ ತೆಗೆಯುವುದಿಲ್ಲ, ತಲೆಯಿಂದ ಹೊರಬರುವ ಕಿರಣಗಳನ್ನು ಎಣಿಸುತ್ತದೆ. ಆ ಎಣಿಕೆಯಿಂದ ಚಿತ್ರ ಕಟ್ಟುವುದು ಕಂಪ್ಯೂಟರಿನ ಲೆಕ್ಕ. ಈ ನಡುವೆ ಹೊಸ ಲೆಕ್ಕ ಬಂದಿತ್ತು, ಅಣ್ಣನ ಈ ವರ್ಷದ ಚಿತ್ರ ಕಟ್ಟಿದ್ದು ಅದರಲ್ಲೇ. ಅದು ಮಸುಕನ್ನು ತಿದ್ದಿ, ಅದೇ ಮಿದುಳನ್ನು ಇನ್ನಷ್ಟು ಚೂಪಾಗಿ, ಕೆಂಪಾಗಿ ತೋರಿಸುತ್ತದೆ. ಹಳೇ ಲೆಕ್ಕದ ಚಿತ್ರದ ಪಕ್ಕ ಹೊಸ ಲೆಕ್ಕದ್ದನ್ನು ಇಟ್ಟು ಹೋಲಿಸಬಾರದು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಬೈದು ಬೈದು ಕಲಿಸಿದವಳು ಅತ್ತಿಗೆಯೇ! ಬೇರೆಯವರ ತಲೆಯಾಗಿದ್ದರೆ ಸತ್ತರೂ ಈ ತಪ್ಪು ಮಾಡುತ್ತಿರಲಿಲ್ಲ.

"ಹಳೇ ಲೆಕ್ಕದಲ್ಲೇ ಇನ್ನೊಂದ್ಸಲ ಕಟ್ಟಮ್ಮಾ" ಎಂದರು ಡಾಕ್ಟರು, ಮೆತ್ತಗೆ. ಕಟ್ಟಿದಳು. ನೀಲಿ ಹಣೆಯವರೆಗೂ ಹರಡಿತ್ತು.

ಹಾಳಾಗಿ ಹೋಗಲಿ ಆ ಯಂತ್ರ, ಅದರ ಲೆಕ್ಕ! ಅಣ್ಣನಿಗೆ ಊಟ ಮಾಡಿದ್ದು ನೆನಪಿರುತ್ತಿರಲಿಲ್ಲ, ನಾನು ಯಾರೆಂಬುದೂ ಒಮ್ಮೊಮ್ಮೆ ಮರೆಯುತ್ತಿತ್ತು. ಈ ಒಂದು ಸುದ್ದಿ ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು. ಬೆಳಗಾದರೆ ಸಾಕು, "ನನ್ನ ಚಿತ್ರ ಚೆನ್ನಾಗ್ ಬಂದಿದೆ ಅಲ್ವೇನೇ?" ಒಂದು ದಿನ ಅವಳು ತಡೆಯಲಾರದೆ ನಿಜ ಹೇಳಿದಳು. ಅವನು ಗೋಡೆಗೆ ಮುಖ ಮಾಡಿ ಮಗುವಿನಂತೆ ಬಿಕ್ಕಿದ. ಸಂಜೆಗೆ ಅತ್ತದ್ದೂ ಮರೆತು ಮತ್ತೆ ಅದನ್ನೇ ಕೇಳಿದ. "ಚೆನ್ನಾಗಿದೆ ರೀ" ಅಂದಳು. ಆಮೇಲೆ ದಿನವೂ ಅಂದಳು.

ಈಚೆಗೆ ಅವನು ಕೇಳುವುದನ್ನೇ ಬಿಟ್ಟಿದ್ದಾನೆ. ನಿನ್ನೆ ಅವಳೇ ಅವನ ಪಕ್ಕ ಕೂತು, ಕೈ ಹಿಡಿದು, "ಚಿತ್ರ ಚೆನ್ನಾಗ್ ಬಂದಿದೆ ರೀ" ಅಂದಳು.

ಅವನು ಗಿರಾಕಿಗಳಿಗೆ ಕೊಡುತ್ತಿದ್ದ ಮರ್ಯಾದೆಯಲ್ಲೇ ನಿಧಾನವಾಗಿ ಕೈ ಬಿಡಿಸಿಕೊಂಡ.

"ಬಹಳ ಸಂತೋಷ ತಾಯಿ" ಎಂದ. "ನಿಮ್ಮ ಯಜಮಾನ್ರಿಗೂ ಹೇಳಿ, ಖುಷಿಪಡ್ತಾರೆ."