ಹೆಬ್ಬೆಟ್ಟಿನ ಮಿಷನ್ನಿಗೆ ಕುಂಕುಮ

ಶಿರಾ ಬಸ್‌ಸ್ಟ್ಯಾಂಡ್ ಎದುರು ನನ್ನದೊಂದು ಅಂಗಡಿ. ಜನರ ಆನ್‌ಲೈನ್ ಅರ್ಜಿಗಳನ್ನು ಹಾಕಿಕೊಡುತ್ತೇನೆ. ಆ ವರ್ಷ ಆಯುಧಪೂಜೆಯ ದಿನ ಹೇಗೂ ಗಿರಾಕಿಗಳಿಲ್ಲವೆಂದು ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದೆ. ಆಮೇಲೆ ಮಾನಿಟರಿಗೆ ಹೂವು, ಪ್ರಿಂಟರಿಗೆ ವಿಭೂತಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಿಷನ್ನಿಗೆ ಕುಂಕುಮ. ಅದೂ ಎಲ್ಲಿಗೆ? ಬೆರಳಿಡುವ ಗಾಜಿನ ಮೇಲೇ! ನನ್ನ ಭಕ್ತಿಗೆ ಬೆಂಕಿ ಹಾಕ.

ಹಬ್ಬ ಕಳೆದ ಮಾರನೆಯ ದಿನ ಗೌಡಗೆರೆ ಕಡೆಯ ಕುರಿ ಮೇಯಿಸುವ ಹೆಂಗಸೊಬ್ಬರು ಬಂದರು. ಮಗಳಿಗೆ ತುಮಕೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಹಾಸ್ಟೆಲ್ ಸಿಗದಿದ್ದರೆ ಓದು ಅಲ್ಲಿಗೇ ನಿಂತಂತೆ. ಅರ್ಜಿಗೆ ತಾಯಿಯ ಹೆಬ್ಬೆಟ್ಟು ಬೇಕು, ಅವತ್ತೇ ಸಂಜೆ ಐದಕ್ಕೆ ಕೊನೆ. ಆಗಲೇ ಮೂರಾಗಿತ್ತು.

ಒತ್ತಿದರು. ಮಿಷನ್ ಸಿಗುತ್ತಿಲ್ಲ ಎಂದಿತು ಪರದೆ. ನಾಲಿಗೆ ಕಚ್ಚಿಕೊಂಡು ಕುಂಕುಮ ಒರೆಸಿದೆ. ಆದರೂ ಅದೇ ರಾಗ.

ಪಕ್ಕದ ಜೆರಾಕ್ಸ್ ಅಂಗಡಿಯವರು ಇಣುಕಿದರು. "ನೆಟ್ಟಗೆ ನಡೀತಿದ್ದುದ್ನ ಯಾಕಮ್ಮ ಕೆದುಕ್ದೆ? ಇರ್ಲಾರ್ದೆ ಇರುವೆ ಬುಟ್ಕಂಡಂಗಾಯ್ತು. ತುಮಕೂರಿಂದ ಯಾರ್ನಾದ್ರೂ ಕರ್ಸು, ನಿನ್ ಕೈಲಾಗಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ನಿಮ್ ಜೆರಾಕ್ಸ್ ನೀವ್ ನೋಡ್ಕಳ್ಳಿ," ಎಂದೆ.

ಬ್ರೌಸರಿಗೂ ಮಿಷನ್ನಿಗೂ ನಡುವೆ ಮಾತು ದಾಟಿಸುವ ಪುಟ್ಟದೊಂದು ಎಕ್ಸ್‌ಟೆನ್ಷನ್ ಇರುತ್ತದೆ. ನೋಡಿದರೆ ಅದು ಬಣ್ಣಗೆಟ್ಟು ಕೂತಿದೆ. ಹಳೆಯದು, ಹೊಸ ಸಿಸ್ಟಂಗೆ ಹೊಂದುತ್ತಿಲ್ಲ. ಕಿತ್ತು ಹೊಸದು ಹಾಕಿದೆ. ಊಹೂಂ. ಕೊನೆಗೆ ಮಿಷನ್ ತಯಾರಿಸಿದವರ ಸೂಚನೆಗಳನ್ನು ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಸಾಲು ಓದಿದೆ. ಎಸೆಸೆಲ್ಸಿಯಲ್ಲಿ ಇಂಗ್ಲಿಷಿಗೇ ಡುಮ್ಕಿ ಹೊಡೆದವಳು ನಾನು! ಎಕ್ಸ್‌ಟೆನ್ಷನ್ ಜೊತೆ ಮಿಷನ್ನನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರನ್ನೂ ಹೊಸದು ಹಾಕಿ, ಕಂಪ್ಯೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕಂತೆ. ಅಷ್ಟು ಮುಗಿಯುವಾಗ ಐದಕ್ಕೆ ಹತ್ತು ನಿಮಿಷ.

"ಆಯ್ತದಾ ಅಕ್ಕ?" ಆ ತಾಯಿ ಗಡಿಯಾರ ನೋಡುತ್ತ ಕೇಳಿದರು.

"ಆಗ್ದೆ ಎಲ್ಲಿಗೋಯ್ತದೆ? ಒತ್ತು ಕಣಮ್ಮ."

ಒತ್ತಿದರು. ಹಸಿರು ಗೆರೆ ಬಂತು, ಅರ್ಜಿ ಹೋಯಿತು. ಹೆಮ್ಮೆಯಾಯಿತು ನನಗೆ, ಯಾಕಾಗಬಾರದು? ಪಕ್ಕದ ಅಂಗಡಿಗೆ ಕೇಳಲಿ ಅಂತಲೇ "ಹೋಯ್ತು ಕಣಮ್ಮ!" ಎಂದು ಕೂಗಿದೆ.

ರಸೀದಿಯನ್ನು ಮಡಿಸಿ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡ ಆ ತಾಯಿ, ಪ್ರಿಂಟರ್ ಪಕ್ಕದ ಬಟ್ಟಲಲ್ಲಿ ಉಳಿದಿದ್ದ ಪೂಜೆಯ ಕುಂಕುಮಕ್ಕೆ ಅದೇ ಹೆಬ್ಬೆರಳು ಅದ್ದಿ ನನ್ನ ಹಣೆಗೊತ್ತಿದರು. "ಮಿಷನ್ಗೆಲ್ಲ ಪೂಜೆ ಮಾಡಿದ್ಯಲ್ಲಕ್ಕ, ನಿನ್ಗ್ಯಾರು ಮಾಡ್ತಾರೆ?"

ಅದನ್ನು ಒರೆಸಿಕೊಳ್ಳಲಿಲ್ಲ. ಹಣೆ ತುಂಬ ಇಟ್ಟುಕೊಂಡೇ ಸಂಜೆ ನಮ್ಮೂರು ಬರಗೂರಿನ ಬಸ್ಸು ಹತ್ತಿದೆ.